ಸಂಸಾರ ಗುಟ್ಟು, ವ್ಯಾಧಿ ರಟ್ಟು: ಗಾದೆಯ ಮಾತು ಮತ್ತು ಆಪ್ತಸಮಾಲೋಚನೆ



ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ. ಇಂದು ನಾನು ಹೇಳುವ ಪ್ರಸಂಗಗಳಲ್ಲೆಲ್ಲ ಊರು, ವಯಸ್ಸು, ಗುರುತು ಬದಲಿಸಿದ್ದೇನೆ. ಯಾಕೆ ಬದಲಿಸಬೇಕು ಎಂಬುದೂ ಈ ಉಪನ್ಯಾಸದ ವಿಷಯವೇ.

ಆಪ್ತಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಗಿಣಾ ದಂಡೆಯ ಊರಿನ ರೈತರೊಬ್ಬರನ್ನು ಅವರ ಮಗ ಒತ್ತಾಯ ಮಾಡಿ ಕರೆತಂದಿದ್ದ. ಎರಡು ತಿಂಗಳಿಂದ ನಿದ್ದೆ ಇಲ್ಲ, ರೊಟ್ಟಿ ಸೇರುವುದಿಲ್ಲ, ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಅಂಚಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತರು. ಬಹಳ ಹೊತ್ತು ಮಾತಿಲ್ಲ. ಆ ಮೌನ ಅವರಿಗಿಂತ ನನಗೇ ತಡೆಯಲಾಗಲಿಲ್ಲ. ಏನಾದರೂ ಸಮಾಧಾನ ಹೇಳಬೇಕೆಂಬ ಅವಸರದಲ್ಲಿ, ‘ಕಾಕಾ, ಚಿತಿ ಸತ್ತೋರನ್ನ ಸುಡ್ತದ, ಚಿಂತಿ ಬದುಕಿದ್ದೋರನ್ನ ಸುಡ್ತದ ಅಂತಾರಲ್ರಿ, ಇಷ್ಟ್ಯಾಕ ಚಿಂತಿ ಮಾಡ್ತೀರಿ?’ ಅಂದೆ. ಅವರು ತಲೆ ಎತ್ತಿ ನೋಡಿದರು. ‘ಹೌದವ್ವ, ಸುಡ್ಲಾಕತ್ತಾದ’ ಅಂದರು. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ಮತ್ತೆ ಬರಲಿಲ್ಲ.

ನಾನು ಹೇಳಿದ ಗಾದೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಹೇಳುವ ಹಕ್ಕು ನನ್ನದಾಗಿರಲಿಲ್ಲ. ಸುಟ್ಟುಕೊಳ್ಳುತ್ತಿದ್ದವರು ಅವರು. ಬೆಂಕಿ ಬಿಸಿಯಾಗಿರುತ್ತದೆ ಎಂದು ಬೆಂಕಿಯಲ್ಲಿರುವವರಿಗೆ ಹೇಳಿ ನಾನು ಕೈತೊಳೆದುಕೊಂಡಿದ್ದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಾವೆಲ್ಲ ನಂಬಿದ್ದೇವೆ. ಸುಳ್ಳಾಗದ ಮಾತೂ ಎದುರಿನವರ ಬಾಯಿ ಕಟ್ಟಬಲ್ಲದು ಎಂಬುದನ್ನು ನಾನು ಆ ದಿನ ಕಲಿತೆ. ಅಂದಿನಿಂದ ಗಾದೆಯನ್ನು ಹೇಳುವುದು ಬಿಟ್ಟು ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಪಾಠದ ಕೋಣೆಯಲ್ಲಿ ಗಾದೆ ಬಹಳ ಒದಗಿ ಬರುತ್ತದೆ, ನಿಜ. ಸಿಗ್ಮಂಡ್ ಫ್ರಾಯ್ಡನ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಮನಸ್ಸಿನ ರಕ್ಷಣಾ ತಂತ್ರಗಳನ್ನು ಕುರಿತು ಪುಸ್ತಕ ಬರೆದಳು. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವ ತಂತ್ರವನ್ನು ವಿವರಿಸಲು ನಾನು ಹೆಣಗಬೇಕಾಗಿಲ್ಲ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅಂದರೆ ಸಾಕು, ಇಡೀ ತರಗತಿಗೆ ತಿಳಿಯುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದದ್ದು ನೆವ ಹೇಳುವ ತಂತ್ರ. ವ್ಯಾಟ್ಸನ್ ಮತ್ತು ರೇನರ್ 1920ರಲ್ಲಿ ಆಲ್ಬರ್ಟ್ ಎಂಬ ಎಳೆಮಗುವಿಗೆ ಬಿಳಿ ಇಲಿಯ ಭಯ ಹುಟ್ಟಿಸಿದರು. ಆಮೇಲೆ ಆ ಮಗು ಮೊಲ ಕಂಡರೂ ಅಳತೊಡಗಿತು. ಹಾವು ಕಡಿದವನು ಹಗ್ಗ ಕಂಡರೂ ಹೆದರಿದ ಎಂದು ನಮ್ಮವರು ಹೇಳುವುದು ಇದನ್ನೇ, ಯಾವ ಮಗುವನ್ನೂ ಅಳಿಸದೆ. 1924ರಲ್ಲಿ ಮೇರಿ ಕವರ್ ಜೋನ್ಸ್, ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಅವನು ಹೆದರುತ್ತಿದ್ದ ಮೊಲವನ್ನು ದಿನಕ್ಕಿಷ್ಟು ಹತ್ತಿರ ತಂದು ಭಯ ಬಿಡಿಸಿದಳು. ನೀರಿಗಿಳಿಯದೆ ಈಜು ಬಾರದು, ಆದರೆ ಮೊದಲ ದಿನವೇ ಮಡುವಿಗೆ ನೂಕಬಾರದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತಿನಿಂದ ಆರನ್ ಬೆಕ್ ವಿವರಿಸಿದ ವಿಚಾರ ದೋಷಗಳ ಪಾಠವನ್ನೇ ಶುರು ಮಾಡಬಹುದು.

ಹೀಗೆ ಪಟ್ಟಿ ಬೆಳೆಸುತ್ತಾ ಹೋಗುವುದು ಸುಲಭ. ಪರೀಕ್ಷೆಗೆ ಅದು ಸಾಕು. ಆದರೆ ಸೋತು ಬಂದು ಎದುರಿಗೆ ಕೂತ ಹುಡುಗಿಗೆ ‘ಕುಣಿಯಲಾರದವಳು’ ಎನ್ನಲಾದೀತೆ? ಪಟ್ಟಿಯಲ್ಲಿ ಗಾದೆಗೂ ಸಿದ್ಧಾಂತಕ್ಕೂ ಗಂಟು ಹಾಕಿದರೆ ಮುಗಿಯಿತು. ಆಪ್ತಸಮಾಲೋಚನೆಯ ಕೋಣೆಯಲ್ಲಿ, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳಿದರು ಎಂಬುದೇ ಎಲ್ಲ.

ಕನ್ನಡಕ್ಕೆ ಮನಶ್ಶಾಸ್ತ್ರ ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಈ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಪ್ರಾಧ್ಯಾಪಕರೂ ಅವರೇ. ವೈದ್ಯರಾಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಎಷ್ಟು ಮನೆಗಳಲ್ಲಿವೆಯೋ. ಖಿನ್ನತೆ, ಆತಂಕ, ಗೀಳು ಎಂಬ ಒಳ್ಳೆಯ ಮಾತುಗಳನ್ನು ಇವರೆಲ್ಲ ನಮ್ಮ ಕೈಗೆ ಕೊಟ್ಟರು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ನಮ್ಮ ಈ ಐದು ಊರುಗಳ ಸೀಮೆಯಲ್ಲಿ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಒಬ್ಬರೂ ನನ್ನ ಬಳಿ ಬಂದಿಲ್ಲ. ‘ಎದಿ ಹಾರ್ತದರಿ’, ‘ತಲಿ ಗಿರ್ ಅಂತದ’, ‘ಕೈಕಾಲಾಗ ಬಲ ಇಲ್ದಂಗ ಆಗ್ಯಾದ’, ‘ವಿಚಾರ ಭಾಳ ಬರ್ತಾವ’ ಎಂದೇ ಬರುತ್ತಾರೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರವಾದ ಒಂದು ಮಾತಿದೆ, ಕುಫುಂಗಿಸಿಸಾ. ಹಾಗೆಂದರೆ ಅತಿಯಾಗಿ ವಿಚಾರ ಮಾಡುವುದು. ನಮ್ಮ ‘ವಿಚಾರ ಭಾಳ ಬರ್ತಾವ’ ಅದರ ಅಕ್ಕತಂಗಿ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿಯರು ಜನರ ಮಾತಿನಲ್ಲೇ ಕೇಳಿದರು, ಜನರ ಮಾತಿನಲ್ಲೇ ದಾರಿ ಹುಡುಕಲು ನೆರವಾದರು. ಅದರಿಂದ ಗುಣವಾಗುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಈಗ ಶೀರ್ಷಿಕೆಯ ಗಾದೆಗೆ ಬರುತ್ತೇನೆ. ಸಂಸಾರ ಗುಟ್ಟು, ವ್ಯಾಧಿ ರಟ್ಟು. ಮನೆಯ ಮಾತು ಮನೆಯೊಳಗಿರಲಿ, ರೋಗವನ್ನು ಮಾತ್ರ ಮುಚ್ಚಿಡಬೇಡ, ನಾಲ್ಕು ಜನರಿಗೆ ಹೇಳು, ಯಾರಿಗಾದರೂ ಮದ್ದು ಗೊತ್ತಿದ್ದೀತು. ಎಂಥ ವಿವೇಕದ ಮಾತಿದು! ಹಾಗಾದರೆ ಮನಸ್ಸಿನ ಬೇನೆ ಯಾವುದರ ಪಾಲು? ಸಂಸಾರದ ಪಾಲೋ, ವ್ಯಾಧಿಯ ಪಾಲೋ?

ನಾವು ಅದನ್ನು ಗುಟ್ಟಿನ ಪಾಲಿಗೆ ಹಾಕಿಬಿಟ್ಟಿದ್ದೇವೆ. ಕಾಲು ಮುರಿದರೆ ಇಡೀ ಓಣಿಗೆ ಗೊತ್ತು. ಸೊಸೆ ಬಾಣಂತನದ ನಂತರ ಮೂರು ತಿಂಗಳು ಮಾತಾಡದೆ ಗೋಡೆ ನೋಡುತ್ತಾ ಕೂತರೆ ತವರಿಗೂ ಗೊತ್ತಾಗದಂತೆ ಮುಚ್ಚಿಡುತ್ತೇವೆ. ಮದುವೆಗೆ ಬಂದ ತಂಗಿ ಇದ್ದಾಳೆ, ಬೀಗರು ಏನಂದಾರು ಎಂಬ ಅಂಜಿಕೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೇ ಉಳಿದವರು ನೂರಕ್ಕೆ 70ರಿಂದ 92. ಈ ಅಂತರಕ್ಕೆ ವೈದ್ಯರ ಕೊರತೆ ಒಂದು ಕಾರಣ, ಖರ್ಚು ಮತ್ತು ದೂರ ಇನ್ನೆರಡು. ಆ ಗುಟ್ಟೂ ಅದರಲ್ಲಿ ಸೇರಿದೆ.

ಹಾಗೆಂದು ಗುಟ್ಟನ್ನು ಹಳಿಯುವುದು ನ್ಯಾಯವಲ್ಲ. ನಮ್ಮದು ಸಣ್ಣ ಊರುಗಳ ಸೀಮೆ. ಚಿಂಚೋಳಿಗೆ ರೈಲಿಲ್ಲ. ಬಸ್ಸಿನಲ್ಲೇ ಬರಬೇಕು, ಬಸ್ಸಿನಲ್ಲಿ ಗುರುತಿನವರು ಇದ್ದೇ ಇರುತ್ತಾರೆ. ‘ಎಲ್ಲಿಗಿ ಹೊಂಟೀ?’ ಎಂದು ಕೇಳಿಯೇ ಕೇಳುತ್ತಾರೆ. ಶಹಾಬಾದಿನ ಒಬ್ಬರು ತಮ್ಮ ಊರಿನಲ್ಲೇ ನನ್ನನ್ನು ಕಾಣಬಹುದಾಗಿದ್ದರೂ ರೈಲು ಹತ್ತಿ ವಾಡಿಗೆ ಬರುತ್ತಿದ್ದರು. ಜಂಕ್ಷನ್ನಿನಲ್ಲಿ ಸೊಲ್ಲಾಪುರದ ಕಡೆಯವರು, ರಾಯಚೂರಿನ ಕಡೆಯವರು, ಸಿಕಂದರಾಬಾದಿನ ಕಡೆಯವರು ಎಲ್ಲ ಇಳಿದು ಹತ್ತುತ್ತಾರೆ. ಯಾರು ಯಾಕೆ ಬಂದರೆಂದು ಯಾರೂ ಕೇಳುವುದಿಲ್ಲ. 1874ರಲ್ಲಿ ನಿಜಾಮರ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿದವರು ಈ ಉಪಯೋಗವನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಆ ಮನುಷ್ಯ ನನ್ನೆದುರು ಕೂತು ಮೊದಲು ಕೇಳಿದ ಪ್ರಶ್ನೆ: ‘ಮೇಡಂ, ಇದು ಇಲ್ಲೇ ಇರ್ತದಲ್ರಿ?’

ಆಪ್ತಸಮಾಲೋಚನೆಯ ಮೊದಲ ನಿಯಮ ಆ ಪ್ರಶ್ನೆಯಲ್ಲೇ ಇದೆ. ಗೋಪ್ಯತೆ ಎಂದು ನಾವು ಕರೆಯುವುದು ಗಾದೆಯ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿಯುವ ಉಪಾಯ. ವ್ಯಾಧಿ ಒಬ್ಬರೆದುರಾದರೂ ರಟ್ಟಾಗಬೇಕು, ಸಂಸಾರ ಗುಟ್ಟಾಗಿಯೇ ಉಳಿಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಇದನ್ನು ಹಕ್ಕನ್ನಾಗಿಯೇ ಮಾಡಿದೆ. ಜೀವಕ್ಕೆ ಅಪಾಯವಿದ್ದಾಗ ಅದರ ಮಿತಿ ಏನೆಂಬುದನ್ನೂ ಮೊದಲ ಭೇಟಿಯಲ್ಲೇ ಹೇಳಬೇಕು. ಕಾನೂನಿಗಿಂತ ಮೊದಲು ಬಾಗಿಲು ಬೇಕು. ಆಸ್ಪತ್ರೆಯ ಪಡಸಾಲೆಯಲ್ಲಿ ಪರದೆ ಎಳೆದು ಎರಡು ಕುರ್ಚಿ ಹಾಕಿದರೆ ಅದು ಆಪ್ತಸಮಾಲೋಚನೆಯ ಜಾಗವಾಗುವುದಿಲ್ಲ. ಸಭೆಯಲ್ಲಿ ಅಧಿಕಾರಿಗಳಿದ್ದರೆ ಇದನ್ನು ನನ್ನ ಕಳಕಳಿಯ ಬೇಡಿಕೆಯೆಂದು ತಿಳಿಯಿರಿ. ಪ್ರತಿ ತಾಲೂಕಿನಲ್ಲಿ ಒಂದು ಕೋಣೆ, ಅದಕ್ಕೆ ಮುಚ್ಚುವ ಬಾಗಿಲು ಬೇಕು.

ನಮ್ಮ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಒಂದು ಮಾತಿದೆ, ‘ಮನಸ್ಸಿಗಿ ಹಚ್ಗೋಬ್ಯಾಡ’. ಅದೇನೂ ಗಾದೆಯಲ್ಲ, ಆದರೆ ಗಾದೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹಚ್ಚಿಕೊಳ್ಳುವುದು ಎಂಬ ಕ್ರಿಯಾಪದವನ್ನು ನೋಡಿ. ಎಣ್ಣೆ ಹಚ್ಚಿಕೊಳ್ಳುತ್ತೇವೆ, ಅರಿಷಿಣ ಹಚ್ಚಿಕೊಳ್ಳುತ್ತೇವೆ. ಹೊರಗಿನ ಮಾತು ತಾನಾಗಿ ಬಂದು ಅಂಟುವುದಿಲ್ಲ, ಹಚ್ಚಿಕೊಳ್ಳುವ ಕೈ ನಮ್ಮದೇ. ನೋವು ಘಟನೆಯಿಂದ ನೇರವಾಗಿ ಹುಟ್ಟುವುದಿಲ್ಲ, ಘಟನೆಗೆ ನಾವು ಕಟ್ಟಿದ ಅರ್ಥದಿಂದ ಹುಟ್ಟುತ್ತದೆ ಎಂದು ಗುಲಾಮನಾಗಿ ಹುಟ್ಟಿದ್ದ ದಾರ್ಶನಿಕ ಎಪಿಕ್ಟೆಟಸ್ ಬಹಳ ಹಿಂದೆ ಹೇಳಿದ. ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ ಅದರ ಮೇಲೆಯೇ ತನ್ನ ಚಿಕಿತ್ಸಾ ಪದ್ಧತಿಯನ್ನು ಕಟ್ಟಿದ. ನಡೆದದ್ದು ಒಂದು, ಅದರ ಬಗ್ಗೆ ನಾವು ನಂಬಿದ್ದು ಇನ್ನೊಂದು, ಆಮೇಲಿನ ಸಂಕಟ ಮೂರನೆಯದು. ಈ ಮೂರೂ ನಮ್ಮ ಒಂದು ಕ್ರಿಯಾಪದದಲ್ಲಿವೆ. ಆದರೆ ‘ಹಚ್ಗೋಬ್ಯಾಡ’ ಎಂದು ಅಪ್ಪಣೆ ಕೊಟ್ಟರೆ ಹಚ್ಚಿಕೊಂಡದ್ದು ಹೋಗುವುದಿಲ್ಲ. ‘ಯಾವ ಮಾತನ್ನು ಹಚ್ಚಿಕೊಂಡಿರಿ? ಅದು ಏನಂತ ಕೇಳಿಸಿತು ನಿಮಗೆ?’ ಎಂದು ಕೇಳಿ ನೋಡಿ. ಎಲ್ಲಿಸನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಇನ್ನು ಹಣೆಬರಹ. ‘ಹಣಿಬರಹಕ್ಕ ಹೊಣೆ ಯಾರು’ ಎಂಬ ಮಾತನ್ನು ನಮ್ಮ ಕಡೆ ಕೇಳಿದಷ್ಟು ನಾನು ಬೇರೆಲ್ಲೂ ಕೇಳಿಲ್ಲ. ಬದುಕಿನ ಹಗ್ಗ ತನ್ನ ಕೈಯಲ್ಲಿದೆ ಎಂದು ನಂಬುವವರು, ಹೊರಗಿನ ಶಕ್ತಿಯ ಕೈಯಲ್ಲಿದೆ ಎಂದು ನಂಬುವವರು, ಹೀಗೆ ಜೂಲಿಯನ್ ರಾಟರ್ 1966ರಲ್ಲಿ ಒಂದು ಅಳತೆಗೋಲು ತಯಾರಿಸಿದ. ಮರುವರ್ಷ ಸೆಲಿಗ್ಮನ್ ಮತ್ತು ಮೇಯರ್ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡರು. ತಪ್ಪಿಸಿಕೊಳ್ಳಲಾಗದ ಪೆಟ್ಟನ್ನು ಮತ್ತೆ ಮತ್ತೆ ತಿಂದ ನಾಯಿ, ಆಮೇಲೆ ದಾರಿ ತೆರೆದರೂ ತಪ್ಪಿಸಿಕೊಳ್ಳಲು ನೋಡದೆ ಬಿದ್ದುಕೊಂಡಿತ್ತು. ಅಸಹಾಯಕತೆಯನ್ನು ಜೀವ ಕಲಿತುಬಿಡುತ್ತದೆ. ಓದಿದ ಹೊಸದರಲ್ಲಿ ನನಗೆ ಹಣೆಬರಹದ ಮಾತು ಬಂದಾಗಲೆಲ್ಲ ಸಿಟ್ಟು ಬರುತ್ತಿತ್ತು. ಇದನ್ನೇ ಮೊದಲು ಕಿತ್ತುಹಾಕಬೇಕು ಅನ್ನಿಸುತ್ತಿತ್ತು.

ಈ ಸಿಟ್ಟನ್ನು ಬಿಡಿಸಿದ್ದು ತೊಗರಿ. ನಮ್ಮ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಮ್ಮೆ ಪಟ್ಟೆವು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಿತ್ತು. ಹೂ ಕಾಯಿ ತುಂಬಿ ನಿಂತ ಗಿಡ ನೋಡನೋಡುತ್ತ ಬಾಡಿ, ನಿಂತ ನಿಲುವಿನಲ್ಲೇ ಒಣಗಿತು. ಮಣ್ಣಿನೊಳಗಿನ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ನಾಳವನ್ನೇ ಮುಚ್ಚುತ್ತದೆ. ಮೇಲೆ ಕಾಣುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಆ ವರ್ಷ ಬಂದ ರೈತರಲ್ಲಿ ನಾನು ಎರಡು ಬಗೆಯವರನ್ನು ಕಂಡೆ. ‘ನಂದೇ ತಪ್ಪು, ಬೀಜ ಬದಲಿ ಮಾಡ್ಬೇಕಿತ್ತು, ಅವನ ಮಾತು ಕೇಳಬಾರದಿತ್ತು’ ಎಂದು ತಮ್ಮನ್ನು ತಾವೇ ಹೊಡೆದುಕೊಳ್ಳುತ್ತಿದ್ದವರು ಒಬ್ಬರು. ‘ಹಣಿಬರಹ’ ಎಂದು ಉಸಿರು ಬಿಟ್ಟು ನೀರು ಕೇಳಿ ಕುಡಿದವರು ಇನ್ನೊಬ್ಬರು. ನನಗೆ ಹೆಚ್ಚು ಭಯವಾದದ್ದು ಮೊದಲನೆಯವರ ಬಗ್ಗೆ. ಎರಡನೆಯವರಿಗೆ ಹಣೆಬರಹ ತಪ್ಪಿತಸ್ಥ ಭಾವನೆಯಿಂದ ಬಿಡುಗಡೆ ಕೊಟ್ಟಿತ್ತು. ಒಂದೇ ಮಾತು ಒಬ್ಬರ ಕೈಕಾಲು ಕಟ್ಟುತ್ತದೆ, ಇನ್ನೊಬ್ಬರ ಎದೆಯ ಕಲ್ಲು ಇಳಿಸುತ್ತದೆ. ರಾಟರನ ಅಳತೆಗೋಲಿನಲ್ಲಿ ಇಬ್ಬರಿಗೂ ಅಂಕ ಸಿಗುತ್ತದೆ, ಈ ವ್ಯತ್ಯಾಸ ಮಾತ್ರ ಸಿಗುವುದಿಲ್ಲ. ಕೇಳಿದರೆ ಸಿಗುತ್ತದೆ. ‘ಹಣಿಬರಹ ಅಂದ್ರಿ. ಹಣಿಬರಹದಾಗ ಬರೀದೇ ಬಿಟ್ಟದ್ದು ಏನರ ಉಳಿದಾದೇನ್ರಿ?’ ಎಂದು ಒಮ್ಮೆ ಒಬ್ಬ ಮುತ್ಯಾನನ್ನು ಕೇಳಿದೆ. ಆ ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ಎಮ್ಮಿ ಅವ’ ಅಂದರು. ಮರುವಾರದ ಮಾತೆಲ್ಲ ಎಮ್ಮೆಗಳದ್ದೇ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುವುದು, ಯಾರು ಹಾಲು ಹಿಂಡುವುದು, ಡೇರಿಗೆ ಒಯ್ಯುವುದು ಯಾರು.

ಎಮ್ಮೆಯ ಮಾತಾಡಿದ್ದೂ ಚಿಕಿತ್ಸೆಯೇ. ಮನಸ್ಸು ಸರಿಹೋದ ಮೇಲೆ ಕೆಲಸಕ್ಕೆ ಏಳೋಣ ಎಂದು ಕಾದರೆ ಮನಸ್ಸು ಸರಿಹೋಗುವುದೇ ಇಲ್ಲ. ಮೊದಲು ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದರೆ ಮನಸ್ಸು ಹಿಂದೆ ಬರುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಅವರ ಜೊತೆಗಾರರು ಈ ತತ್ವದ ಮೇಲೆ, ಮನೋವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯೂ ಇಳಿಯುವುದನ್ನು ತೋರಿಸಿದರು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಇಲ್ಲಿ ಹೊಂದುತ್ತದೆಂದು ಯಾರಿಗೂ ಅನ್ನಿಸುತ್ತದೆ. ಆದರೆ ಬಿತ್ತಿ ಬೆಳೆದು ಕೈಯೆಲ್ಲ ಕೆಸರಾಗಿಯೂ ಬಾಯಿಗೆ ಮೊಸರು ಬಾರದವರ ಎದುರು ದಯವಿಟ್ಟು ಅದನ್ನು ಹೇಳಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಸಾಲ ಮಾಡುವ ಮುಂಚೆ ಹೇಳಿದರೆ ಬುದ್ಧಿಮಾತು. ಸಾಲ ಆದ ಮೇಲೆ ಹೇಳಿದರೆ ಅದು ಬರೀ ಏಟು.

ನಾನು ಎದುರು ಹಾಕಿಕೊಂಡ ಗಾದೆಗಳೂ ಇವೆ. ಎರಡನ್ನು ಹೇಳುತ್ತೇನೆ.

ಒಂದು, ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು. ಶಹಾಬಾದಿನ ಕಲ್ಲಿನ ಖಣಿಗಳನ್ನು ನೀವೆಲ್ಲ ನೋಡಿದ್ದೀರಿ. ಆ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿರುತ್ತದೆ. ಉಳಿಯನ್ನು ಸಂದಿಗೆ ಇಟ್ಟು, ಮೆಲ್ಲಗೆ ಬಡಿದು, ಸಪ್ಪಳ ಕೇಳಿ, ಮತ್ತೆ ಬಡಿದು ಪದರನ್ನು ಎಬ್ಬಿಸುತ್ತಾರೆ. ಅವಸರ ಮಾಡಿದರೆ ಫರ್ಸಿ ಅಡ್ಡ ಒಡೆದು ಕಡಿಮೆ ಬೆಲೆಗೆ ಹೋಗುತ್ತದೆ. ಅಲ್ಲಿ ದುಡಿಯುವ ಒಬ್ಬರು ನನ್ನೆದುರು ಕೂತು, ‘ಎದಿ ಮ್ಯಾಲ ಫರ್ಸಿ ಹೇರಿದಂಗ ಆಗ್ಯಾದರಿ. ಒಂದಲ್ಲ, ಒಟ್ಟಿದ್ದು’ ಅಂದರು. ಮಗಳು ತೀರಿಕೊಂಡು ವರ್ಷವಾಗಿತ್ತು. ಒಂದು ಸಲವೂ ಅತ್ತಿರಲಿಲ್ಲ. ಯಾಕೆಂದು ಕೇಳಿದಾಗ ಈ ಗಾದೆಯನ್ನೇ ಹೇಳಿದರು. ಅವರ ಅಪ್ಪನ ಬಾಯಿಯಿಂದ ಕೇಳಿದ್ದು.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳಿದೆ. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಈ ಸಾವುಗಳಿಗೆ ಒಂದು ಗಾದೆಯನ್ನು ಹೊಣೆ ಮಾಡುವಷ್ಟು ನಾನು ಅವಿವೇಕಿಯಲ್ಲ. ಆದರೆ ಗಂಡಸಿನ ಅಳುವಿಗೆ ನಾವು ಜಾಗವನ್ನೇ ಉಳಿಸಿಲ್ಲ ಎಂಬುದು ಸತ್ಯ. ನಮ್ಮ ತಾಂಡಾಗಳಲ್ಲಿ ಮದುಮಗಳು ತವರು ಬಿಡುವಾಗ ಧಾವಲೊ ಹಾಡಿ ಅಳುತ್ತಾಳೆ. ಅಳುವುದನ್ನು ಹಿರಿಯ ಹೆಂಗಸರು ಅವಳಿಗೆ ಕಲಿಸಿರುತ್ತಾರೆ. ಗಂಡಸರಿಗೆ ಅಂಥದ್ದು ಏನಿದೆ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಮೊಹರಮ್ಮಿನ ರಿವಾಯತ್ ಪದಗಳು. ಹಿಂದೂ ಮುಸ್ಲಿಂ ಎನ್ನದೆ ಗಂಡಸರು ಕೂಡಿ ನಿಂತು, ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುತ್ತಾ ರಾತ್ರಿಯೆಲ್ಲ ಕಳೆಯುತ್ತಾರೆ. ಅಲ್ಲಿ ಕಣ್ಣೀರು ಒರೆಸಿಕೊಂಡರೆ ಯಾರೂ ನಂಬಿಕೆ ಕಳೆದುಕೊಳ್ಳುವುದಿಲ್ಲ. ಆ ಖಣಿಯವರು ರಿವಾಯತ್ ಹಾಡುವವರೇ. ‘ಅಲ್ಲಿ ಯಾರ ಸಲುವಾಗಿ ಅಳ್ತೀರಿ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವರ ಮುಂಗೈ ಕಣ್ಣಿಗೆ ಹೋಯಿತು, ಬಹಳ ಹೊತ್ತು ಅಲ್ಲೇ ಇತ್ತು.

ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಬರೆದದ್ದು ಇದನ್ನೇ: ನುಂಗಿದ ದುಃಖ ಮಾತಾಗಿ, ಕಣ್ಣೀರಾಗಿ ಹೊರಬಂದರೆ ಬೇನೆ ಸಡಿಲಾಗುತ್ತದೆ. ಒಂದೇ ಸಲ ಅತ್ತರೆ ಎಲ್ಲ ಮುಗಿಯಿತು ಎಂಬ ಅವರ ಮೊದಲ ಉತ್ಸಾಹ ಮುಂದೆ ಉಳಿಯಲಿಲ್ಲ. ಕೇಳುವವರೊಬ್ಬರು ಎದುರಿಗಿರಬೇಕು ಎಂಬುದು ಉಳಿಯಿತು. ರಾತ್ರಿ ಹೊತ್ತಿನಲ್ಲಿ ಯಾರೂ ಇಲ್ಲವೆನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ಸಂಖ್ಯೆಯನ್ನು ಇಲ್ಲಿ ಕೂತಿರುವ ಗಂಡಸರು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಎರಡನೆಯದು, ಒಂದು ಕೈಯಿಂದ ಚಪ್ಪಾಳೆಯಾಗದು. ಕುಟುಂಬ ಚಿಕಿತ್ಸೆ ಎಂಬ ಪದ್ಧತಿಯನ್ನು ನೀವು ಓದಿದರೆ ಈ ಗಾದೆ ಪುಟಪುಟದಲ್ಲೂ ನೆನಪಾಗುತ್ತದೆ. ಗ್ರೆಗರಿ ಬೇಟ್ಸನ್, ಮರ್ರಿ ಬೋವೆನ್ ಮೊದಲಾದವರು 1950ರ ದಶಕದಿಂದ ಹೇಳುತ್ತ ಬಂದದ್ದು ಇದು. ಮನೆಯಲ್ಲಿ ಒಬ್ಬರ ನಡತೆ ಇನ್ನೊಬ್ಬರದನ್ನು ಕೆರಳಿಸುತ್ತದೆ, ಅದು ತಿರುಗಿ ಮೊದಲನೆಯವರನ್ನು ಕೆರಳಿಸುತ್ತದೆ, ಎಲ್ಲಿ ಶುರುವಾಯಿತೆಂದು ಹುಡುಕಿ ಫಲವಿಲ್ಲ. ಅತ್ತೆ ಸೊಸೆಯರ ಮುನಿಸಿಗೆ, ಓದದ ಮಗನಿಗೂ ಬೈಯುವ ಅಪ್ಪನಿಗೂ ನಡುವಿನ ಜಗ್ಗಾಟಕ್ಕೆ ಇದು ಒಳ್ಳೆಯ ದಾರಿ.

ಆದರೆ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಮನೆಯವರು, ಪಂಚರು, ಒಮ್ಮೊಮ್ಮೆ ಓದಿದವರೂ ಹೇಳುವ ಮೊದಲ ಮಾತು ಇದೇ. ‘ಒಂದ್ ಕೈಲಿಂದ ಚಪ್ಪಾಳಿ ಆಗಲ್ಲವ್ವ, ನೀನೂ ಏನರ ಅಂದಿರ್ತಿ.’ ಚಪ್ಪಾಳೆಗೆ ಎರಡು ಕೈ ಬೇಕು, ಕೆನ್ನೆಗೆ ಹೊಡೆಯಲು ಒಂದೇ ಕೈ ಸಾಕು. ಇದನ್ನು ನಾನು ಕಟ್ಟಿದ ಮಾತೆಂದು ತಿಳಿಯಬೇಡಿ. ಚಿತ್ತಾಪುರ ತಾಲೂಕಿನ ಒಬ್ಬ ತಂಗಿ ನನ್ನೆದುರು ಹೇಳಿದ್ದು. ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಹೇಳಿದಳು. ಅಮೆರಿಕದ ಮನೋವಿಜ್ಞಾನಿ ರೇಚಲ್ ಹೇರ್-ಮಸ್ಟಿನ್ 1978ರಲ್ಲಿ ಕುಟುಂಬ ಚಿಕಿತ್ಸೆಯನ್ನು ಹೆಣ್ಣಿನ ಕಣ್ಣಿನಿಂದ ವಿಮರ್ಶಿಸಿದಳು. ಮನೆಯಲ್ಲಿ ಗಂಡಿಗೂ ಹೆಣ್ಣಿಗೂ ಸಮ ಬಲ ಇಲ್ಲದಿರುವಾಗ, ಇಬ್ಬರೂ ಸಮಾನವೆಂದು ನಟಿಸುವ ಚಿಕಿತ್ಸೆ ಬಲವಿದ್ದವನ ಪಕ್ಷ ವಹಿಸುತ್ತದೆ ಎಂಬುದು ಆ ವಿಮರ್ಶೆಯ ತಿರುಳು. ಚಿತ್ತಾಪುರದ ತಂಗಿ ಆ ಲೇಖನ ಓದಿರಲಿಲ್ಲ. ಹಿರಿಯರು ತನ್ನ ಮೇಲೆ ಎಸೆದ ಗಾದೆಯನ್ನೇ ಹಿಡಿದು ತಿರುಗಿಸಿ ನೋಡಿದ್ದಳು. ಇಂಥ ಕಡೆ ನಮ್ಮ ಕೆಲಸ ಗಂಡ ಹೆಂಡಿರನ್ನು ಎದುರುಬದುರು ಕೂರಿಸುವುದಲ್ಲ. ಮೊದಲು ಅವಳ ಜೀವಕ್ಕೆ ಭದ್ರತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಸಹಾಯವಾಣಿ ಇದೆ ಎಂದು ಹೇಳಬೇಕು. ಮುಂದಿನ ಹೆಜ್ಜೆ ಅವಳದು. ಕೆಲವು ತಿಂಗಳ ನಂತರ ಹೊಲಿಗೆ ಕಲಿಯಲು ಸೇರಿದ್ದೇನೆಂದು ಹೇಳಲು ಬಂದಾಗ ‘ಮನ್ಯಾಗ ಕೇಳಿದಿಯೇನವ್ವ?’ ಅಂದೆ. ‘ಹರಿಯೋ ನೀರಿಗಿ ದೊಣ್ಣಿ ನಾಯಕನ ಅಪ್ಪಣಿ ಬೇಕೇನಕ್ಕ?’ ಅಂದಳು. ಬದಲಾವಣೆಯ ಮಾತು ಸಲಹೆಗಾರರ ಬಾಯಿಂದ ಬಂದರೆ ಪ್ರಯೋಜನ ಕಡಿಮೆ, ಬಂದವರ ಬಾಯಿಂದಲೇ ಹುಟ್ಟಬೇಕು ಎಂದು ವಿಲಿಯಂ ಮಿಲ್ಲರ್ 1983ರಿಂದ ಒಂದು ಪದ್ಧತಿಯನ್ನೇ ಬೆಳೆಸಿದ. ಆ ಪಾಠ ನನಗೆ ನಿಜವಾಗಿ ತಿಳಿದದ್ದು ಅವತ್ತು.

ಮಾತನ್ನು ತಡೆದು ಕೇಳುವ ಈ ವಿದ್ಯೆ ನಮ್ಮ ನೆಲಕ್ಕೆ ಹೊರಗಿನದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನವೆಂದು ಆಗ ಗೊತ್ತಾಯಿತು. ಪೀಠಕ್ಕಾಗಿ ನಡುವೆ ಕೊರೆದಿದ್ದರಿಂದ ಒಂದಿಷ್ಟು ಅಕ್ಷರ ಹೋಗಿವೆ. ಅಶೋಕನ 12ನೇ ಬಂಡೆಶಾಸನದ ಭಾಗ ಅದರಲ್ಲಿದೆ. ಮಾತಿನ ಮೇಲೆ ಹಿಡಿತವಿರಲಿ, ಹೊತ್ತಲ್ಲದ ಹೊತ್ತಿನಲ್ಲಿ ತನ್ನದನ್ನು ಹೊಗಳುವುದೂ ಪರರದನ್ನು ತೆಗಳುವುದೂ ಬೇಡ, ಒಬ್ಬರದನ್ನೊಬ್ಬರು ಕೇಳಬೇಕು ಎಂಬುದು ಆ ಶಾಸನದ ತಿರುಳು. ಅಧಿಕಾರಿಗಳಿಗೆಂದೇ ಬರೆಸಿದ ಪ್ರತ್ಯೇಕ ಶಾಸನಗಳೂ ಆ ಚಪ್ಪಡಿಯಲ್ಲಿವೆ. ಜನರೆಲ್ಲ ನನ್ನ ಮಕ್ಕಳೆಂದು ಭಾವಿಸುವ ಅರಸ ಅವುಗಳಲ್ಲಿ ಅಧಿಕಾರಿಗಳಿಗೆ ಹೊಟ್ಟೆಕಿಚ್ಚು, ಸಿಟ್ಟು, ಕಟುತನ, ಅವಸರ, ಆಲಸ್ಯ, ದಣಿವು ಬಾರದಂತೆ ನೋಡಿಕೊಳ್ಳಲು ಹೇಳುತ್ತಾನೆ. ದಣಿವನ್ನೂ ಪಟ್ಟಿಯಲ್ಲಿ ಸೇರಿಸಿದ ಆ ಸೂಕ್ಷ್ಮಕ್ಕೆ ನಾನು ಪ್ರತಿ ಸಲ ತಲೆಬಾಗುತ್ತೇನೆ. ದಿನಕ್ಕೆ ಎಂಟು ಜನರ ದುಃಖ ಕೇಳಿದ ಆಶಾ ಕಾರ್ಯಕರ್ತೆ ಒಂಬತ್ತನೆಯವರ ಮೇಲೆ ಸಿಡಿದರೆ ಅದಕ್ಕೆ ಕಾರಣ ದಣಿವು. ಅವಳ ಗುಣವನ್ನು ದೂರಬೇಡಿ.

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲಿ ಪರರ ವಿಚಾರವನ್ನು ತಾಳಿಕೊಳ್ಳಬಲ್ಲ ಶಕ್ತಿಯೇ ನಿಜವಾದ ಐಶ್ವರ್ಯ ಎಂಬ ಅರ್ಥದ ಮಾತಿದೆ. ಕಾರ್ಲ್ ರೋಜರ್ಸ್ 1957ರಲ್ಲಿ, ಮನುಷ್ಯ ಬದಲಾಗಲು ಎದುರಿನವರಲ್ಲಿ ಏನೇನಿರಬೇಕು ಎಂದು ಬರೆದ. ಷರತ್ತಿಲ್ಲದ ಆದರ, ಅವರ ಜಾಗದಲ್ಲಿ ನಿಂತು ನೋಡುವ ಅರಿವು, ನಟನೆಯಿಲ್ಲದ ನಡೆ. ಇವನ್ನು ಹಳಬರು ಮೊದಲೇ ಹೇಳಿದ್ದರು ಎಂದು ಎದೆ ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ರೋಜರ್ಸ್ ಮಾಡಿದ್ದು ಬೇರೆ ಕೆಲಸ. ಅವನು ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ವಾಕ್ಯ ವಾಕ್ಯ ಪರೀಕ್ಷಿಸಿದ. ಆದರೆ ಮಳಖೇಡದ ಕೋಟೆಯ ಬುಡದಲ್ಲಿ ಕೂತು ರೋಜರ್ಸನ ಪಾಠ ಮಾಡುವಾಗ ಪರದೇಶದ ಮಾತನ್ನು ಹೇಳುತ್ತಿದ್ದೇನೆ ಅನ್ನಿಸುವುದಿಲ್ಲ.

ಈಗ ನನ್ನ ಕೋಣೆಯಲ್ಲಿ ನಾನು ಕೇಳುವ ಪ್ರಶ್ನೆಯೊಂದಿದೆ. ‘ಇಂಥಾ ಹೊತ್ತಿನಾಗ ನಿಮ್ಮ ಅವ್ವ ಏನಂತಿದ್ಳು?’ ಗಾದೆ ಅವರ ಮನೆಯಿಂದಲೇ ಬರಲಿ, ಅವರ ಅವ್ವನ ದನಿಯಲ್ಲೇ ಬರಲಿ ಎಂದು.

ಮಗನನ್ನು ಕಳೆದುಕೊಂಡ ಒಬ್ಬ ತಾಯಿಗೆ ಇದನ್ನು ಕೇಳಿದೆ. ಊರಿನವರೆಲ್ಲ ಆಕೆಗೆ ‘ಸತ್ತೋರ ಸಂಗಟ ಸಾಯ್ಲಾಕ ಬರ್ತದೇನು?’ ಎಂದು ಹೇಳಿ ಹೇಳಿ ದಣಿದಿದ್ದರು. ಸತ್ತವರನ್ನು ಬಿಟ್ಟುಕೊಡುವುದೇ ದುಃಖದ ಗುರಿ ಎಂದು ಮನಶ್ಶಾಸ್ತ್ರವೂ ಬಹಳ ಕಾಲ ನಂಬಿತ್ತು. ಡೆನಿಸ್ ಕ್ಲಾಸ್ ಮತ್ತು ಅವರ ಜೊತೆಗಾರರು 1996ರಲ್ಲಿ ಅದನ್ನು ತಿದ್ದಿದರು. ಸತ್ತವರ ಜೊತೆ ಬಂಧ ಮುಗಿಯುವುದಿಲ್ಲ, ರೂಪ ಬದಲಿಸಿ ಉಳಿಯುತ್ತದೆ, ಅದು ರೋಗವಲ್ಲ ಎಂದರು.

ಆ ತಾಯಿ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಳು. ‘ನಮ್ಮವ್ವನೂ ಅದೇ ಅಂತಿದ್ಳು, ಸತ್ತೋರ ಸಂಗಟ ಸಾಯ್ಲಾಕ ಬರಂಗಿಲ್ಲ ಅಂತ’ ಅಂದಳು. ‘ಅಂತಿದ್ಳು ಖರೆ. ಅಪ್ಪ ಹ್ವಾದ ಮ್ಯಾಲ ದಿನಾ ಒಂದು ರೊಟ್ಟಿ ಹೆಚ್ಗಿ ಬಡೀತಿದ್ಳು.’

‘ನೀವು?’

‘ನಾನೂ ಬಡೀತೀನ್ರಿ’ ಅಂದಳು. ‘ಯಾರಿಗೂ ಹೇಳಿಲ್ಲ.’

ಆ ರೊಟ್ಟಿ ಯಾರಿಗೆ ಹೋಗುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಬಾಗಿಲಿಗೆ ಬರುವ ಆಕಳಿಗಂತೆ. ಅದರ ಬಣ್ಣ, ಅದರ ಒಂದು ಕೋಡು ಮುರಿದದ್ದು, ಮಗ ಇದ್ದಾಗ ಅದನ್ನು ಏನೆಂದು ಕರೆಯುತ್ತಿದ್ದ ಎಂಬುದು, ಎಲ್ಲ ಹೇಳಿದಳು. ಆ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದರು. ಇನ್ನೂ ಸ್ವಲ್ಪ ತಡೆಯಿರಿ ಎಂದೆ.